2001ರ ಅಮೆರಿಕನ್ ಲೀಗ್ ಡಿವಿಷನ್ ಸರಣಿ: ಓಕ್ಲೆಂಡ್ ಅಥ್ಲೆಟಿಕ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್

2001ರ ಅಮೆರಿಕನ್ ಲೀಗ್ ಡಿವಿಷನ್ ಸರಣಿಯು ಅಮೆರಿಕ ಸಂಯುಕ್ತ ಸಂಸ್ಥಾನದ ಮೇಜರ್ ಲೀಗ್ ಬೇಸ್‌ಬಾಲ್‌ನ ಪ್ಲೇಆಫ್ ಹಂತದ ಮೊದಲ ಸುತ್ತಾಗಿದೆ. ಆ ವರ್ಷ ಅಮೆರಿಕನ್ ಲೀಗ್‌ನಲ್ಲಿ ನಡೆದ ಇಂತಹ ಎರಡು ಸರಣಿಗಳಲ್ಲಿ ಒಂದು ಓಕ್ಲೆಂಡ್ ಅಥ್ಲೆಟಿಕ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್ ತಂಡಗಳ ನಡುವೆ ಅಕ್ಟೋಬರ್ 10ರಿಂದ 15ರವರೆಗೆ ಜರುಗಿತು. ಐದು ಪಂದ್ಯಗಳಲ್ಲಿ ಮೊದಲು ಮೂರನ್ನು ಗೆದ್ದ ತಂಡವು ಮುಂದಿನ ಸುತ್ತಿಗೆ ಹೋಗುವ ಈ ಸರಣಿಯಲ್ಲಿ ಅಥ್ಲೆಟಿಕ್ಸ್ ಮೊದಲ ಎರಡು ಪಂದ್ಯಗಳನ್ನು ಎದುರಾಳಿಯ ನೆಲದಲ್ಲೇ ಗೆದ್ದು, ಬಳಿಕ ಉಳಿದ ಮೂರನ್ನೂ ಸತತವಾಗಿ ಸೋತು ಹೊರಬಿದ್ದಿತು. ಐದು ಪಂದ್ಯಗಳ ಸರಣಿಯೊಂದರಲ್ಲಿ ತವರಿನ ಮೊದಲ ಎರಡು ಪಂದ್ಯಗಳನ್ನು ಕಳೆದುಕೊಂಡೂ ಸರಣಿಯನ್ನು ಗೆದ್ದ ಮೊದಲ ತಂಡವೆಂಬ ದಾಖಲೆ ಯಾಂಕೀಸ್ ಪಾಲಾಯಿತು. ಮೂರನೆಯ ಪಂದ್ಯದ ಏಳನೆಯ ಇನ್ನಿಂಗ್ಸ್‌ನಲ್ಲಿ ಯಾಂಕೀಸ್ ಆಟಗಾರ ಡೆರೆಕ್ ಜೀಟರ್ ಚೆಂಡನ್ನು ಪಕ್ಕಕ್ಕೆ ಚಿಮ್ಮಿಸಿ ಜೆರೆಮಿ ಜಿಯಾಂಬಿಯನ್ನು ಔಟ್ ಮಾಡಿಸಿದ ಘಟನೆಯು ಈ ಸರಣಿಯ ಅತ್ಯಂತ ಪ್ರಸಿದ್ಧ ಕ್ಷಣವಾಗಿದೆ.

ಹಿನ್ನೆಲೆ

ಕ್ರಿಕೆಟ್ ಬಲ್ಲ ಓದುಗರಿಗೆ ಬೇಸ್‌ಬಾಲ್ ಋತುವಿನ ರಚನೆ ತುಸು ವಿಚಿತ್ರವಾಗಿ ಕಾಣಬಹುದು. ಪ್ರತಿಯೊಂದು ತಂಡವೂ ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಬಹುತೇಕ ದಿನವೂ ಆಡುತ್ತ ಒಟ್ಟು 162 ಪಂದ್ಯಗಳನ್ನು ಪೂರೈಸುತ್ತದೆ. ಆದರೆ ಆರು ತಿಂಗಳ ಈ ದುಡಿಮೆಯ ಫಲವು ಅಕ್ಟೋಬರ್‌ನ ಕೆಲವೇ ಪಂದ್ಯಗಳಲ್ಲಿ ನಿರ್ಧಾರವಾಗುತ್ತದೆ. 2001ರಲ್ಲಿ ಅಮೆರಿಕನ್ ಲೀಗ್‌ನ ಪೂರ್ವ, ಮಧ್ಯ ಮತ್ತು ಪಶ್ಚಿಮ ಎಂಬ ಮೂರು ವಿಭಾಗಗಳ ಅಗ್ರಸ್ಥಾನಿಗಳೂ, ಉಳಿದವುಗಳಲ್ಲಿ ಅತಿ ಹೆಚ್ಚು ಗೆಲುವುಗಳನ್ನು ಪಡೆದ ಒಂದು ತಂಡವೂ ಪ್ಲೇಆಫ್‌ಗೆ ಅರ್ಹವಾಗುತ್ತಿದ್ದವು. ಈ ನಾಲ್ಕನೆಯ ತಂಡವನ್ನು ವೈಲ್ಡ್ ಕಾರ್ಡ್ ಎಂದು ಕರೆಯುತ್ತಾರೆ.

ಅಥ್ಲೆಟಿಕ್ಸ್ ಆ ವರ್ಷ 102 ಪಂದ್ಯಗಳನ್ನು ಗೆದ್ದು 60ರಲ್ಲಿ ಸೋತಿತು. ಋತುವಿನ ಆರಂಭ ಮಾತ್ರ ಕಳಪೆಯಾಗಿತ್ತು. ಜುಲೈನ ಆಲ್-ಸ್ಟಾರ್ ವಿರಾಮದ ಹೊತ್ತಿಗೆ ತಂಡದ ಲೆಕ್ಕ 44 ಗೆಲುವು, 43 ಸೋಲು ಎಂದಿತ್ತು. ಆ ಬಳಿಕದ 75 ಪಂದ್ಯಗಳಲ್ಲಿ 58ನ್ನು ಗೆದ್ದುಕೊಂಡ ತಂಡವು ಋತು ಮುಗಿಯುವಾಗ ಲೀಗ್‌ನಲ್ಲಿ ಯಾರೂ ಎದುರಿಸಲು ಬಯಸದ ತಂಡವಾಗಿತ್ತು. ಇಷ್ಟಾದರೂ ಅದಕ್ಕೆ ತನ್ನ ವಿಭಾಗದ ಅಗ್ರಸ್ಥಾನ ದೊರೆಯಲಿಲ್ಲ. ಅದೇ ಪಶ್ಚಿಮ ವಿಭಾಗದ ಸಿಯಾಟಲ್ ಮ್ಯಾರಿನರ್ಸ್ 116 ಗೆಲುವುಗಳೊಂದಿಗೆ 1906ರ ಷಿಕಾಗೊ ಕಬ್ಸ್ ತಂಡದ ದಾಖಲೆಯನ್ನು ಸರಿಗಟ್ಟಿತ್ತು. ಹೀಗಾಗಿ ಅಥ್ಲೆಟಿಕ್ಸ್ ವೈಲ್ಡ್ ಕಾರ್ಡ್ ಆಗಿ ಪ್ಲೇಆಫ್ ಪ್ರವೇಶಿಸಿತು. ಒಂದೇ ವಿಭಾಗದ ತಂಡಗಳು ಮೊದಲ ಸುತ್ತಿನಲ್ಲಿ ಪರಸ್ಪರ ಎದುರಾಗಬಾರದೆಂಬ ಅಂದಿನ ನಿಯಮದ ಫಲವಾಗಿ ಅದರ ಪಾಲಿಗೆ ಬಂದದ್ದು ಪೂರ್ವ ವಿಭಾಗದ ವಿಜೇತ ಯಾಂಕೀಸ್. ಯಾಂಕೀಸ್ ಗೆದ್ದಿದ್ದುದು 95 ಪಂದ್ಯಗಳನ್ನು, ಅಂದರೆ ಅಥ್ಲೆಟಿಕ್ಸ್‌ಗಿಂತ ಏಳು ಕಡಿಮೆ. ಆದರೂ ವಿಭಾಗದ ವಿಜೇತ ಎಂಬ ಕಾರಣಕ್ಕೆ ಐದರಲ್ಲಿ ಮೂರು ಪಂದ್ಯಗಳನ್ನು ತವರಿನಲ್ಲಿ ಆಡುವ ಅನುಕೂಲ ಅದಕ್ಕೇ ಸಂದಿತು. ಸರಣಿಯ ಮೊದಲ ಎರಡು ಮತ್ತು ಕೊನೆಯ ಪಂದ್ಯ ನ್ಯೂಯಾರ್ಕ್‌ನಲ್ಲಿ, ನಡುವಿನ ಎರಡು ಓಕ್ಲೆಂಡ್‌ನಲ್ಲಿ ನಿಗದಿಯಾದವು.

ಎರಡು ತಂಡಗಳ ನಡುವಿನ ಆರ್ಥಿಕ ಅಂತರವು ಈ ಸರಣಿಯ ಕಥೆಯಿಂದ ಬೇರ್ಪಡಿಸಲಾಗದಂಥದ್ದು. ಯಾಂಕೀಸ್ ತನ್ನ ಆಟಗಾರರ ಸಂಬಳಕ್ಕೆ ಸುಮಾರು 11.4 ಕೋಟಿ ಡಾಲರ್ ವೆಚ್ಚ ಮಾಡುತ್ತಿದ್ದರೆ ಅಥ್ಲೆಟಿಕ್ಸ್‌ನ ವೆಚ್ಚ ಸುಮಾರು 4 ಕೋಟಿ ಡಾಲರ್ ಆಗಿತ್ತು. ಯಾಂಕೀಸ್ 1996, 1998, 1999 ಮತ್ತು 2000ರಲ್ಲಿ ವಿಶ್ವ ಸರಣಿಯನ್ನು ಗೆದ್ದಿದ್ದ ಅನುಭವಿಗಳ ತಂಡ. ಅಥ್ಲೆಟಿಕ್ಸ್‌ನ ಪ್ರಧಾನ ವ್ಯವಸ್ಥಾಪಕ ಬಿಲ್ಲಿ ಬೀನ್, ಮಾರುಕಟ್ಟೆ ಕಡೆಗಣಿಸಿದ ಆಟಗಾರರನ್ನು ಅಂಕಿಅಂಶಗಳ ನೆರವಿನಿಂದ ಹುಡುಕಿ ಕಡಿಮೆ ಹಣದಲ್ಲಿ ತಂಡ ಕಟ್ಟುತ್ತಿದ್ದರು. ತಂಡದ ಬಲವಿದ್ದುದು ಮೂವರು ತರುಣ ಪಿಚರ್‌ಗಳಲ್ಲಿ: 24 ವರ್ಷದ ಮಾರ್ಕ್ ಮುಲ್ಡರ್ ಆ ಋತುವಿನಲ್ಲಿ 21, 26 ವರ್ಷದ ಟಿಮ್ ಹಡ್ಸನ್ 18 ಮತ್ತು 23 ವರ್ಷದ ಬ್ಯಾರಿ ಜೀಟೊ 17 ಗೆಲುವುಗಳನ್ನು ಗಳಿಸಿದ್ದರು. ಬ್ಯಾಟಿಂಗ್‌ನಲ್ಲಿ 2000ರ ಸಾಲಿನ ಲೀಗ್‌ನ ಅತ್ಯಮೂಲ್ಯ ಆಟಗಾರ ಜೇಸನ್ ಜಿಯಾಂಬಿ ಮುಂದಾಳಾಗಿದ್ದರು. ಆತನ ತಮ್ಮನೇ ಜೆರೆಮಿ ಜಿಯಾಂಬಿ. ಹಿಂದಿನ ವರ್ಷದ ಇದೇ ಸುತ್ತಿನಲ್ಲಿ ಇದೇ ಯಾಂಕೀಸ್ ಅಥ್ಲೆಟಿಕ್ಸ್ ತಂಡವನ್ನು 3-2ರಿಂದ ಸೋಲಿಸಿತ್ತು. ಓಕ್ಲೆಂಡ್‌ನಲ್ಲಿ ನಡೆದ ಅಂದಿನ ನಿರ್ಣಾಯಕ ಪಂದ್ಯದ ಮೊದಲ ಇನ್ನಿಂಗ್ಸ್‌ನಲ್ಲೇ ಆರು ರನ್‌ಗಳನ್ನು ಬಿಟ್ಟುಕೊಟ್ಟು ಅಥ್ಲೆಟಿಕ್ಸ್ ಮುಗ್ಗರಿಸಿತ್ತು.

ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಯ ನಂತರ ದೇಶಾದ್ಯಂತ ಬೇಸ್‌ಬಾಲ್ ಸ್ಥಗಿತಗೊಂಡು ಸೆಪ್ಟೆಂಬರ್ 17ರಂದು ಪುನರಾರಂಭವಾಗಿತ್ತು. ಇದರಿಂದ ಪ್ಲೇಆಫ್ ವೇಳಾಪಟ್ಟಿ ಒಂದು ವಾರ ಮುಂದೆ ಹೋಯಿತು. ದಾಳಿ ನಡೆದು ಸರಿಯಾಗಿ ಒಂದು ತಿಂಗಳಾದ ದಿನ ಸರಣಿಯ ಎರಡನೆಯ ಪಂದ್ಯ ನ್ಯೂಯಾರ್ಕ್‌ನಲ್ಲಿ ನಡೆಯಿತು. ಶೋಕದಲ್ಲಿದ್ದ ನಗರದ ತಂಡವೆಂದು, ಎಂದೂ ಯಾಂಕೀಸ್‌ಗೆ ಒಲಿಯದಿದ್ದ ಅನೇಕರ ಸಹಾನುಭೂತಿಯೂ ಆ ಅಕ್ಟೋಬರ್‌ನಲ್ಲಿ ಅದರ ಕಡೆಗಿತ್ತು.

ನ್ಯೂಯಾರ್ಕ್‌ನಲ್ಲಿ ಎರಡು ಗೆಲುವು

ಅಕ್ಟೋಬರ್ 10ರ ಮೊದಲ ಪಂದ್ಯವನ್ನು ಅಥ್ಲೆಟಿಕ್ಸ್ 5-3ರಿಂದ ಗೆದ್ದಿತು. ಯಾಂಕೀಸ್ ಪರವಾಗಿ ಆ ಋತುವಿನಲ್ಲಿ 20 ಪಂದ್ಯ ಗೆದ್ದು ಮೂರರಲ್ಲಷ್ಟೇ ಸೋತಿದ್ದ ರೋಜರ್ ಕ್ಲೆಮೆನ್ಸ್ ಚೆಂಡೆಸೆಯಲು ಇಳಿದರು. ಆದರೆ ಮೇಲುಗೈ ಸಾಧಿಸಿದವರು ಮುಲ್ಡರ್. ಅಥ್ಲೆಟಿಕ್ಸ್‌ನ ಟೆರೆನ್ಸ್ ಲಾಂಗ್ ಎರಡು ಹೋಮ್ ರನ್ ಬಾರಿಸಿದರೆ ಜೇಸನ್ ಜಿಯಾಂಬಿ ಒಂದು ಬಾರಿಸಿದರು. (ಲಾಂಗ್ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳುವುದು ಒಳ್ಳೆಯದು, ಸರಣಿಯ ಎಲ್ಲ ತಿರುವುಗಳಲ್ಲೂ ಆತ ಮತ್ತೆ ಮತ್ತೆ ಎದುರಾಗುತ್ತಾರೆ.)

ಮರುದಿನ ಹಡ್ಸನ್ ಎಂಟು ಇನ್ನಿಂಗ್ಸ್‌ಗಳಲ್ಲಿ ಒಂದೂ ರನ್ ಬಿಟ್ಟುಕೊಡಲಿಲ್ಲ. ಯಾಂಕೀಸ್‌ನ ಆಂಡಿ ಪೆಟಿಟ್ ಸಹ ಚೆನ್ನಾಗಿಯೇ ಎಸೆದರೂ ರಾನ್ ಗ್ಯಾಂಟ್ ಹೊಡೆದ ಹೋಮ್ ರನ್ ಪಂದ್ಯವನ್ನು ನಿರ್ಧರಿಸಿತು. ಅಂತಿಮ ಫಲಿತಾಂಶ 2-0. ತನ್ನ ಅಂಗಳದಲ್ಲೇ ಎರಡು ಬಾರಿ ಸೋತ ಯಾಂಕೀಸ್ ಇನ್ನು ಮೂರೂ ಪಂದ್ಯಗಳನ್ನು, ಅದರಲ್ಲೂ ಎರಡನ್ನು ಓಕ್ಲೆಂಡ್‌ನಲ್ಲಿ, ಗೆಲ್ಲಬೇಕಾಗಿತ್ತು. ಎರಡೂ ತಂಡಗಳು ಸರಿಸಮಾನವೆಂದು ಭಾವಿಸಿದರೂ ಆ ಸ್ಥಿತಿಯಿಂದ ಅಥ್ಲೆಟಿಕ್ಸ್ ಸೋಲುವ ಸಂಭವ ಎಂಟರಲ್ಲಿ ಒಂದು ಪಾಲು ಮಾತ್ರ.

ಮೂರನೆಯ ಪಂದ್ಯ

ಅಕ್ಟೋಬರ್ 13ರ ಶನಿವಾರ ಓಕ್ಲೆಂಡ್‌ನ ಕೊಲೀಸಿಯಂ ಕ್ರೀಡಾಂಗಣದಲ್ಲಿ ನಡೆದ ಮೂರನೆಯ ಪಂದ್ಯವು ಪಿಚರ್‌ಗಳ ಕಾಳಗವಾಗಿತ್ತು. ಅಥ್ಲೆಟಿಕ್ಸ್‌ನ ಜೀಟೊ ಎಂಟು ಇನ್ನಿಂಗ್ಸ್ ಎಸೆದು ಕೇವಲ ಎರಡು ಹಿಟ್‌ಗಳನ್ನು ಕೊಟ್ಟರು. ಅವುಗಳಲ್ಲಿ ಒಂದು ಐದನೆಯ ಇನ್ನಿಂಗ್ಸ್‌ನಲ್ಲಿ ಯಾಂಕೀಸ್‌ನ ಕ್ಯಾಚರ್ ಹೊರ್ಹೆ ಪೊಸಾಡಾ ಬಾರಿಸಿದ ಹೋಮ್ ರನ್. ಇಡೀ ಪಂದ್ಯದಲ್ಲಿ ದಾಖಲಾದ ಏಕೈಕ ರನ್ ಅದೇ. ಯಾಂಕೀಸ್‌ನ ಮೈಕ್ ಮುಸ್ಸಿನಾ ಅಷ್ಟೇ ಬಿಗಿಯಾಗಿ ಎಸೆಯುತ್ತಿದ್ದರು.

ಏಳನೆಯ ಇನ್ನಿಂಗ್ಸ್‌ನಲ್ಲಿ ಅಥ್ಲೆಟಿಕ್ಸ್‌ನ ಇಬ್ಬರು ಔಟಾಗಿದ್ದಾಗ ಜೆರೆಮಿ ಜಿಯಾಂಬಿ ಹಿಟ್ ಗಳಿಸಿ ಮೊದಲ ಬೇಸ್ ತಲುಪಿದರು. ಮುಂದಿನ ಬ್ಯಾಟರ್ ಟೆರೆನ್ಸ್ ಲಾಂಗ್ ಚೆಂಡನ್ನು ಬಲಗಡೆಯ ಗೆರೆಯ ಗುಂಟ ಮೂಲೆಗೆ ಹೊಡೆದರು. ಇಬ್ಬರು ಔಟಾಗಿರುವಾಗ ಓಟಗಾರನು ಕಾಯಬೇಕಾಗಿಲ್ಲ. ಜಿಯಾಂಬಿ ಚೆಂಡು ಬ್ಯಾಟಿಗೆ ತಾಗಿದೊಡನೆ ಓಡತೊಡಗಿ ಎರಡನೆಯ ಮತ್ತು ಮೂರನೆಯ ಬೇಸ್‌ಗಳನ್ನು ದಾಟಿ ಹೋಮ್ ಪ್ಲೇಟಿನತ್ತ ತಿರುಗಿದರು. ಯಾಂಕೀಸ್‌ನ ಬಲ ಕ್ಷೇತ್ರರಕ್ಷಕ ಶೇನ್ ಸ್ಪೆನ್ಸರ್ ಮೂಲೆಯಿಂದ ಚೆಂಡನ್ನು ಎತ್ತಿ ಎಸೆದರು. ಇಂತಹ ಎಸೆತವನ್ನು ನಡುವೆ ಹಿಡಿದು ಮುಂದಕ್ಕೆ ದಾಟಿಸಲು ಆಲ್ಫೊನ್ಸೊ ಸೊರಿಯಾನೊ ಮತ್ತು ಟೀನೊ ಮಾರ್ಟಿನೆಜ್ ಸಾಲಾಗಿ ನಿಂತಿದ್ದರು. ಆದರೆ ಚೆಂಡು ಇಬ್ಬರ ತಲೆಯ ಮೇಲೂ ಹಾದುಹೋಗಿ, ಮೊದಲ ಬೇಸಿನ ಗೆರೆಯ ಬಳಿ ಯಾರೂ ಇಲ್ಲದ ಜಾಗಕ್ಕೆ ಬಿದ್ದು ಪುಟಿಯಿತು. ಆ ಕ್ಷಣಕ್ಕೆ ರನ್ ಖಚಿತವೆಂದೇ ಕಂಡಿತು.

ಜೀಟರ್ ಷಾರ್ಟ್‌ಸ್ಟಾಪ್ ಸ್ಥಾನದ ಆಟಗಾರ. ಎಂದರೆ ಆತನ ಜಾಗ ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ, ಚೆಂಡು ಬಿದ್ದ ಕಡೆಯಿಂದ ಮೈದಾನದ ಇನ್ನೊಂದು ಬದಿಗೆ. ಅಲ್ಲಿಂದ ಅಡ್ಡಲಾಗಿ ಓಡಿಬಂದ ಜೀಟರ್ ಪುಟಿದ ಚೆಂಡನ್ನು ಹಿಡಿದು, ತನ್ನ ಓಟದ ವೇಗ ಇನ್ನೂ ಹೊರಗಡೆಗೆ ಸೆಳೆಯುತ್ತಿರುವಾಗಲೇ, ಬಲಗೈಯಿಂದ ಹಿಂಬದಿಗೆ ಪೊಸಾಡಾನತ್ತ ಚಿಮ್ಮಿಸಿದರು. ಪೊಸಾಡಾ ಚೆಂಡನ್ನು ಹಿಡಿದು ತಿರುಗಿ ಜಿಯಾಂಬಿಯ ಕಾಲಿಗೆ ತಾಗಿಸಿದರು. ಅಂಪೈರ್ ಔಟ್ ಎಂದು ಘೋಷಿಸಿದರು.

ಕ್ರಿಕೆಟ್‌ನ ರನೌಟ್‌ಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಕ್ರಿಕೆಟ್‌ನಲ್ಲಿ ಚೆಂಡು ವಿಕೆಟ್‌ಗೆ ಬಡಿದರೆ ಸಾಕು. ಆದರೆ ಬೇಸ್‌ಬಾಲ್‌ನ ಇಂತಹ ಸಂದರ್ಭದಲ್ಲಿ ಚೆಂಡನ್ನು ಹಿಡಿದ ಆಟಗಾರ ಓಟಗಾರನ ಮೈಗೇ ತಾಗಿಸಬೇಕು. ಹಾಗಾಗಿಯೇ ಓಟಗಾರರು ನೆಲಕ್ಕೆ ಜಾರಿ, ತಾಗಿಸಲು ಸಿಗುವ ಮೈಯನ್ನು ಆದಷ್ಟು ಕಿರಿದಾಗಿಸಿಕೊಳ್ಳುತ್ತಾರೆ. ಜಿಯಾಂಬಿ ಜಾರಲಿಲ್ಲ, ನಿಂತೇ ಓಡಿಬಂದರು. ಜಾರಿದ್ದರೆ ಉಳಿಯುತ್ತಿದ್ದರೇ ಎಂಬ ಪ್ರಶ್ನೆ ಅಂದಿನಿಂದಲೂ ಚರ್ಚೆಯಲ್ಲಿದೆ. ಜಾರದೆಯೂ ಆತನ ಪಾದ ಚೆಂಡಿಗಿಂತ ಮೊದಲೇ ಪ್ಲೇಟನ್ನು ಮುಟ್ಟಿತ್ತೆಂದು ವಾದಿಸುವವರೂ ಇದ್ದಾರೆ. ಇಂತಹ ತೀರ್ಪುಗಳನ್ನು ವೀಡಿಯೊ ಮೂಲಕ ಮರುಪರಿಶೀಲಿಸುವ ಪದ್ಧತಿ ಮೇಜರ್ ಲೀಗ್‌ನಲ್ಲಿ ಜಾರಿಗೆ ಬಂದದ್ದು 2014ರಲ್ಲಿ. ಹೀಗಾಗಿ ಅಂದು ಅಂಪೈರ್ ಹೇಳಿದ್ದೇ ಅಂತಿಮವಾಯಿತು. ವೇಗದ ಓಟಗಾರನಲ್ಲದ ಜಿಯಾಂಬಿಯ ಬದಲಿಗೆ ತಂಡದ ಮ್ಯಾನೇಜರ್ ಆರ್ಟ್ ಹೌ ಬೇರೊಬ್ಬ ಓಟಗಾರನನ್ನು ಏಕೆ ಇಳಿಸಲಿಲ್ಲ ಎಂಬ ಟೀಕೆಯೂ ಕೇಳಿಬಂದಿತು.

ಜೀಟರ್ ಅಲ್ಲಿಗೆ ಬಂದದ್ದು ಆಕಸ್ಮಿಕವೇ? ಅಲ್ಲವೆಂದು ಆತನೂ ಯಾಂಕೀಸ್‌ನ ಮ್ಯಾನೇಜರ್ ಜೋ ಟೋರಿಯೂ ಹೇಳಿದ್ದಾರೆ. ಮೂಲೆಯಿಂದ ಬರುವ ಎಸೆತ ಗುರಿ ತಪ್ಪಿದರೆ ಅದನ್ನು ತಿರುಗಿಸಲು ಷಾರ್ಟ್‌ಸ್ಟಾಪ್ ಒಳಗೆ ಬಂದು ನಿಲ್ಲುವುದನ್ನು ತಂಡವು ಅಭ್ಯಾಸ ಮಾಡಿತ್ತು ಎಂಬುದು ಅವರ ವಿವರಣೆ. ನಿಲ್ಲುವ ಜಾಗ ಅಭ್ಯಾಸದಿಂದ ಬಂದಿರಬಹುದು. ಆದರೆ ಓಡುತ್ತಲೇ ಹಿಂಬದಿಗೆ ಚಿಮ್ಮಿಸಿದ ಆ ಎಸೆತ ಯಾವ ಅಭ್ಯಾಸದ ಪಾಠದಲ್ಲೂ ಇರಲಾರದು.

ಎಂಟನೆಯ ಮತ್ತು ಒಂಬತ್ತನೆಯ ಇನ್ನಿಂಗ್ಸ್‌ಗಳನ್ನು ಮಾರಿಯಾನೊ ರಿವೆರಾ ಎಸೆದು 1-0 ಗೆಲುವನ್ನು ಕಾಯ್ದರು. ಜನಪ್ರಿಯ ನೆನಪಿನಲ್ಲಿ ಈ ಘಟನೆ ಸರಣಿಯನ್ನೇ ಅಥ್ಲೆಟಿಕ್ಸ್ ಕೈಯಿಂದ ಕಸಿದುಕೊಂಡಂತೆ ಉಳಿದಿದೆಯಾದರೂ ಅದು ಅತಿಶಯೋಕ್ತಿ. ಜಿಯಾಂಬಿ ಉಳಿದಿದ್ದರೆ ಪಂದ್ಯ 1-1ರ ಸಮಬಲಕ್ಕೆ ಬರುತ್ತಿತ್ತೇ ಹೊರತು ಅಥ್ಲೆಟಿಕ್ಸ್ ಗೆದ್ದಂತಾಗುತ್ತಿರಲಿಲ್ಲ. ಎದುರಾಳಿಗೆ ಎರಡೇ ಹಿಟ್ ಕೊಟ್ಟ ದಿನ ತಾನು ಆರು ಹಿಟ್ ಗಳಿಸಿಯೂ ಒಂದು ರನ್ ಮಾಡಲಾಗದಿದ್ದುದು ಆ ಪಂದ್ಯದ ಸೋಲಿಗೆ ಜಾರದ ಓಟದಷ್ಟೇ ದೊಡ್ಡ ಕಾರಣ. ಸೋತ ಮೇಲೂ ಅಥ್ಲೆಟಿಕ್ಸ್ 2-1ರಿಂದ ಮುಂದಿತ್ತು.

ನಾಲ್ಕು ಮತ್ತು ಐದನೆಯ ಪಂದ್ಯ

ನಾಲ್ಕನೆಯ ಪಂದ್ಯ ಏಕಪಕ್ಷೀಯವಾಗಿತ್ತು. ಅಥ್ಲೆಟಿಕ್ಸ್‌ನ ಮೂವರು ಪ್ರಮುಖ ಪಿಚರ್‌ಗಳ ಸರದಿ ಮುಗಿದು ಕೋರಿ ಲೈಡಲ್ ಎಸೆಯಬೇಕಾಗಿ ಬಂದಿತು. ಬರ್ನಿ ವಿಲಿಯಮ್ಸ್ ಒಬ್ಬರೇ ಐದು ರನ್‌ಗಳಿಗೆ ಕಾರಣರಾಗಿ ಯಾಂಕೀಸ್ 9-2ರಿಂದ ಗೆದ್ದಿತು. ಅಥ್ಲೆಟಿಕ್ಸ್‌ಗೆ ಫಲಿತಾಂಶಕ್ಕಿಂತ ದೊಡ್ಡ ಪೆಟ್ಟು ಬಿದ್ದುದು ಜರ್ಮೈನ್ ಡೈ ಅವರ ಗಾಯದಿಂದ. ಋತುವಿನ ನಡುವೆ ಕ್ಯಾನ್ಸಾಸ್ ಸಿಟಿ ರಾಯಲ್ಸ್‌ನಿಂದ ಬಂದು ತಂಡದ ಚೇತರಿಕೆಗೆ ನೆರವಾಗಿದ್ದ ಡೈ, ತನ್ನದೇ ಬ್ಯಾಟಿಗೆ ತಾಗಿ ಕೆಳಗೆ ಚಿಮ್ಮಿದ ಚೆಂಡು ಬಡಿದು ಎಡಗಾಲಿನ ಮೂಳೆ ಮುರಿದುಕೊಂಡರು.

ಸಾಮಾನ್ಯವಾಗಿ ದೇಶದ ಒಂದು ತೀರದಿಂದ ಇನ್ನೊಂದಕ್ಕೆ ಹೋಗುವಾಗ ಒಂದು ದಿನದ ಬಿಡುವು ಇರುತ್ತದೆ. ಈ ಬಾರಿ ಅದಿರಲಿಲ್ಲ. ಭಾನುವಾರ ಓಕ್ಲೆಂಡ್‌ನಲ್ಲಿ ಆಡಿದ ಎರಡೂ ತಂಡಗಳು ಸೋಮವಾರ, ಅಕ್ಟೋಬರ್ 15ರಂದು, ನ್ಯೂಯಾರ್ಕ್‌ನಲ್ಲಿ ಮುಖಾಮುಖಿಯಾದವು. ಮತ್ತೆ ಮುಲ್ಡರ್ ವಿರುದ್ಧ ಕ್ಲೆಮೆನ್ಸ್. ಅಥ್ಲೆಟಿಕ್ಸ್ ಆರಂಭದಲ್ಲಿ ಮುನ್ನಡೆ ಪಡೆದರೂ ಅದನ್ನು ಉಳಿಸಿಕೊಳ್ಳಲಾಗಲಿಲ್ಲ. ಕ್ಲೆಮೆನ್ಸ್ ಐದನೆಯ ಇನ್ನಿಂಗ್ಸ್ ಮುಗಿಸುವ ಮುನ್ನವೇ ಹೊರನಡೆದರು. ಆದರೆ ಅದರ ಲಾಭ ಪಡೆಯುವ ಬದಲು ಓಕ್ಲೆಂಡ್ ಕ್ಷೇತ್ರರಕ್ಷಣೆಯಲ್ಲಿ ಎಡವಿ ಎದುರಾಳಿಗೆ ರನ್‌ಗಳನ್ನು ಒಪ್ಪಿಸಿತು. ಆರನೆಯ ಇನ್ನಿಂಗ್ಸ್‌ನಲ್ಲಿ ಡೇವಿಡ್ ಜಸ್ಟಿಸ್ ಬಾರಿಸಿದ ಹೋಮ್ ರನ್‌ನಿಂದ ಯಾಂಕೀಸ್ ಮುನ್ನಡೆ 5-3 ಆಯಿತು. ಎಂಟನೆಯ ಇನ್ನಿಂಗ್ಸ್‌ನಲ್ಲಿ ಲಾಂಗ್ ಮೇಲಕ್ಕೆ ಹೊಡೆದ ಚೆಂಡನ್ನು ಬೆನ್ನಟ್ಟಿದ ಜೀಟರ್, ಅದನ್ನು ಹಿಡಿದು ತಡೆಗೋಡೆಯ ಆಚೆಗೆ ತಲೆಕೆಳಗಾಗಿ ಉರುಳಿದರು. ಕೊನೆಯ ಎರಡು ಇನ್ನಿಂಗ್ಸ್‌ಗಳಲ್ಲಿ ರಿವೆರಾ ಮತ್ತೊಮ್ಮೆ ಬಾಗಿಲು ಮುಚ್ಚಿದರು.

ಸರಣಿಯ ಐದು ಪಂದ್ಯಗಳಲ್ಲಿ ಅಥ್ಲೆಟಿಕ್ಸ್ ಗಳಿಸಿದ ಒಟ್ಟು ರನ್ 12. ಅದರಲ್ಲಿ ಏಳು ಮೊದಲ ಎರಡು ಪಂದ್ಯಗಳಲ್ಲಿ ಬಂದವು. ಒಂದೇ ಒಂದು ಗೆಲುವು ಬೇಕಾಗಿದ್ದ ಉಳಿದ ಮೂರರಲ್ಲಿ ಬಂದದ್ದು ಐದು. ಪೊಸಾಡಾನ ಹೋಮ್ ರನ್, ಜೀಟರ್‌ನ ಚಿಮ್ಮು, ಜಿಯಾಂಬಿಯ ಜಾರದ ಓಟ ಇವೆಲ್ಲ ನೆನಪಿನಲ್ಲಿ ಉಳಿಯುವ ಚಿತ್ರಗಳು. ಅಂಕಿಗಳು ಹೇಳುವ ಕಾರಣ ಹೆಚ್ಚು ಸರಳ: ಓಕ್ಲೆಂಡ್‌ನ ಬ್ಯಾಟಿಂಗ್ ಮೌನವಾಯಿತು.

ನಂತರದ ಬೆಳವಣಿಗೆಗಳು

ಯಾಂಕೀಸ್ ಮುಂದಿನ ಸುತ್ತಿನಲ್ಲಿ 116 ಗೆಲುವುಗಳ ಸಿಯಾಟಲ್ ತಂಡವನ್ನು 4-1ರಿಂದ ಸೋಲಿಸಿತು. ನವೆಂಬರ್‌ವರೆಗೆ ಸಾಗಿದ ವಿಶ್ವ ಸರಣಿಯಲ್ಲಿ ಮಾತ್ರ ಅರಿಜೋನಾ ಡೈಮಂಡ್‌ಬ್ಯಾಕ್ಸ್ ಎದುರು 4-3ರಿಂದ ಪರಾಭವಗೊಂಡಿತು.

ಅಥ್ಲೆಟಿಕ್ಸ್ ಪಾಲಿಗೆ ಸೋಲಿನ ಬೆಲೆ ಮೈದಾನದಲ್ಲೇ ಮುಗಿಯಲಿಲ್ಲ. ಒಪ್ಪಂದದ ಅವಧಿ ಮುಗಿದಿದ್ದ ಜೇಸನ್ ಜಿಯಾಂಬಿಯನ್ನು ಅದೇ ಡಿಸೆಂಬರ್‌ನಲ್ಲಿ ಯಾಂಕೀಸ್ ಏಳು ವರ್ಷಗಳಿಗೆ 12 ಕೋಟಿ ಡಾಲರ್ ಕೊಟ್ಟು ಸೇರಿಸಿಕೊಂಡಿತು. ಓಕ್ಲೆಂಡ್ ತಂಡವು ತನ್ನೆಲ್ಲ ಆಟಗಾರರಿಗೆ ವರ್ಷಕ್ಕೆ ಕೊಡುತ್ತಿದ್ದ ಸಂಬಳದ ಸುಮಾರು ಮೂರು ಪಟ್ಟು ಇದು. ಜಾನಿ ಡೇಮನ್ ಬಾಸ್ಟನ್ ರೆಡ್ ಸಾಕ್ಸ್‌ಗೂ, ಪಂದ್ಯದ ಕೊನೆಯಲ್ಲಿ ಎಸೆಯುತ್ತಿದ್ದ ಜೇಸನ್ ಇಸ್ರಿಂಗ್‌ಹೌಸನ್ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೂ ಹೋದರು. ಐದನೆಯ ಪಂದ್ಯದಲ್ಲಿ ಓಕ್ಲೆಂಡ್ ವಿರುದ್ಧ ಹೋಮ್ ರನ್ ಹೊಡೆದಿದ್ದ ಜಸ್ಟಿಸ್ 2002ರಲ್ಲಿ ಓಕ್ಲೆಂಡ್ ಪರವಾಗಿಯೇ ಆಡಿದರು. ಜೆರೆಮಿ ಜಿಯಾಂಬಿಯನ್ನು 2002ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾ ಫಿಲೀಸ್‌ಗೆ ಕಳುಹಿಸಲಾಯಿತು.

ತಾರೆಯರನ್ನು ಕಳೆದುಕೊಂಡ ತಂಡ 2002ರಲ್ಲಿ ಕುಸಿಯಬಹುದೆಂಬ ನಿರೀಕ್ಷೆ ಸುಳ್ಳಾಯಿತು. ಸತತ 20 ಪಂದ್ಯಗಳ ಗೆಲುವೂ ಸೇರಿ ಅದು 103 ಪಂದ್ಯಗಳನ್ನು ಗೆದ್ದಿತು. ಆದರೆ ಪ್ಲೇಆಫ್‌ನಲ್ಲಿ ಮಿನ್ನೆಸೋಟಾ ಟ್ವಿನ್ಸ್ ವಿರುದ್ಧ 2-1ರಿಂದ ಮುಂದಿದ್ದು 2-3ರಿಂದ ಸೋತಿತು. 2003ರಲ್ಲಿ ಬಾಸ್ಟನ್ ವಿರುದ್ಧ ಮತ್ತೆ 2-0 ಮುನ್ನಡೆ, ಮತ್ತೆ ಮೂರು ಸತತ ಸೋಲು. ಆ ಸರಣಿಯ ಮೂರನೆಯ ಪಂದ್ಯದಲ್ಲೂ ಎರಿಕ್ ಬರ್ನ್ಸ್ ಎಂಬ ಓಟಗಾರ ಹೋಮ್ ಪ್ಲೇಟನ್ನು ಮುಟ್ಟದೆಯೇ ದಾಟಿ ಔಟಾದದ್ದು ಹಳೆಯ ಗಾಯವನ್ನು ಕೆದಕಿತು. ಹೀಗೆ 2000ರಿಂದ 2003ರವರೆಗಿನ ನಾಲ್ಕು ವರ್ಷವೂ ಅಥ್ಲೆಟಿಕ್ಸ್ ಐದನೆಯ ಪಂದ್ಯದಲ್ಲೇ ಹೊರಬಿದ್ದಿತು. ಇನ್ನೊಂದನ್ನು ಗೆದ್ದರೆ ಸರಣಿ ಕೈವಶವಾಗುವಂತಹ ಪಂದ್ಯಗಳು ಈ ಅವಧಿಯಲ್ಲಿ ಅದಕ್ಕೆ ಒಂಬತ್ತು ಸಿಕ್ಕಿದ್ದವು. ಒಂಬತ್ತರಲ್ಲೂ ಸೋಲು. ನಾಣ್ಯ ಚಿಮ್ಮಿಸಿ ನಿರ್ಧರಿಸಿದರೂ ಹೀಗಾಗುವ ಸಂಭವ 512ರಲ್ಲಿ ಒಂದು. ತಂಡವು ಕೊನೆಗೂ ಒಂದು ಸರಣಿ ಗೆದ್ದದ್ದು 2006ರಲ್ಲಿ, ಟ್ವಿನ್ಸ್ ವಿರುದ್ಧ 3-0ರಿಂದ.

ಐದು ಪಂದ್ಯಗಳ ಸರಣಿಯ ಕುರಿತ ಚರ್ಚೆ

ಈ ಸೋಲುಗಳ ಸರಮಾಲೆಯು ಸಣ್ಣ ಸರಣಿಗಳ ನ್ಯಾಯದ ಬಗ್ಗೆ ಬೇಸ್‌ಬಾಲ್ ವಲಯದಲ್ಲಿ ದೀರ್ಘ ಚರ್ಚೆಗೆ ಕಾರಣವಾಯಿತು. ಬೀನ್ ತಮ್ಮ ವಿಧಾನವು ತಂಡವನ್ನು ಪ್ಲೇಆಫ್‌ವರೆಗೆ ತಲುಪಿಸಬಲ್ಲದೇ ಹೊರತು ಅಲ್ಲಿಂದ ಮುಂದಿನದು ಅದೃಷ್ಟದ ಮಾತೆಂದು ವಾದಿಸಿದರು. ಲೆಕ್ಕಾಚಾರ ಈ ವಾದವನ್ನು ಬಹುಮಟ್ಟಿಗೆ ಬೆಂಬಲಿಸುತ್ತದೆ. ಪ್ರತಿಯೊಂದು ಪಂದ್ಯವನ್ನೂ ಗೆಲ್ಲುವ ಸಂಭವ ಶೇಕಡಾ 55ರಷ್ಟಿರುವ ತಂಡ ಐದು ಪಂದ್ಯಗಳ ಸರಣಿಯನ್ನು ಗೆಲ್ಲುವ ಸಂಭವ ಶೇಕಡಾ 59ರಷ್ಟೇ. ಏಳು ಪಂದ್ಯಗಳಿಗೆ ವಿಸ್ತರಿಸಿದರೂ ಅದು ಶೇಕಡಾ 61ನ್ನು ಮೀರುವುದಿಲ್ಲ. ವಿಮರ್ಶಕರು ಒಪ್ಪಲಿಲ್ಲ. ಓಟ, ಜಾರುವಿಕೆ, ಕ್ಷೇತ್ರರಕ್ಷಣೆಯಂತಹ ಸೂಕ್ಷ್ಮಗಳನ್ನು ಓಕ್ಲೆಂಡ್ ಕಡೆಗಣಿಸಿತ್ತೆಂದೂ ಬಿಗಿಯಾದ ಪಂದ್ಯಗಳಲ್ಲಿ ಅವೇ ಮುಳುವಾದವೆಂದೂ ಅವರು ಹೇಳಿದರು. 2001 ಮತ್ತು 2003ರ ಘಟನೆಗಳನ್ನು ನೋಡಿದರೆ ಈ ಮಾತನ್ನು ತಳ್ಳಿಹಾಕುವುದೂ ಕಷ್ಟ.

ತವರಿನ ಮೊದಲ ಎರಡು ಪಂದ್ಯಗಳನ್ನು ಸೋತೂ ಗೆಲ್ಲುವ ಯಾಂಕೀಸ್ ಸಾಧನೆ ಬಹುಕಾಲ ಒಂಟಿಯಾಗಿತ್ತು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಸಿನ್ಸಿನಾಟಿ ರೆಡ್ಸ್ ವಿರುದ್ಧವೂ 2015ರಲ್ಲಿ ಟೊರೊಂಟೊ ಬ್ಲೂ ಜೇಸ್ ಟೆಕ್ಸಸ್ ರೇಂಜರ್ಸ್ ವಿರುದ್ಧವೂ ಅದನ್ನು ಪುನರಾವರ್ತಿಸಿದವು.

ಪುಸ್ತಕ ಮತ್ತು ಚಲನಚಿತ್ರದಲ್ಲಿ

ಮೈಕೆಲ್ ಲೂಯಿಸ್ ಬರೆದ 'ಮನಿಬಾಲ್' (2003) ಪುಸ್ತಕವು ಈ ಸೋಲಿನ ನಂತರ ಬೀನ್ ತಂಡವನ್ನು ಮರಳಿ ಕಟ್ಟಿದ ಬಗೆಯನ್ನು ವಿವರಿಸುತ್ತದೆ. ಅದನ್ನು ಆಧರಿಸಿ ಬೆನೆಟ್ ಮಿಲ್ಲರ್ ನಿರ್ದೇಶಿಸಿದ 2011ರ ಚಲನಚಿತ್ರದಲ್ಲಿ ಬ್ರಾಡ್ ಪಿಟ್ ಬೀನ್ ಪಾತ್ರವನ್ನು ನಿರ್ವಹಿಸಿದ್ದಾರೆ. ಚಿತ್ರ ಆರಂಭವಾಗುವುದೇ ಐದನೆಯ ಪಂದ್ಯದ ದೃಶ್ಯಗಳಿಂದ ಮತ್ತು ಎರಡು ತಂಡಗಳ ಸಂಬಳದ ಮೊತ್ತಗಳಿಂದ. ಚಿತ್ರವನ್ನು ಇತಿಹಾಸವೆಂದು ಓದುವವರು ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ಜೆರೆಮಿ ಜಿಯಾಂಬಿಯನ್ನು ಅಣ್ಣ ಹೋದ ಬಳಿಕ ಹುಡುಕಿ ತಂದ ಹೊಸ ಆಟಗಾರನಂತೆ ಅದರಲ್ಲಿ ತೋರಿಸಲಾಗಿದೆ. ವಾಸ್ತವದಲ್ಲಿ ಆತ 2000ದಿಂದಲೇ ಓಕ್ಲೆಂಡ್ ತಂಡದಲ್ಲಿದ್ದರು. ಮೂರನೆಯ ಪಂದ್ಯದ ಆ ಪ್ರಸಿದ್ಧ ಓಟವೇ ಅದಕ್ಕೆ ಸಾಕ್ಷಿ.

ಆ ಓಟ ನಡೆದ ಓಕ್ಲೆಂಡ್ ಕೊಲೀಸಿಯಂನಲ್ಲಿ ಅಥ್ಲೆಟಿಕ್ಸ್ ತನ್ನ ಕೊನೆಯ ಪಂದ್ಯವನ್ನು 2024ರ ಸೆಪ್ಟೆಂಬರ್ 26ರಂದು ಆಡಿ ಓಕ್ಲೆಂಡ್ ನಗರವನ್ನು ತೊರೆಯಿತು.